ಮುಕ್ಕಾಲು ಗಂಟೆಯಲ್ಲಿ ಮದ್ದಿನ ಪರೀಕ್ಷೆ

ಹತ್ತಿ ಬಿಡಿಸುವ ಹಂಗಾಮಿನಲ್ಲಿ ರಾಯಚೂರು, ಮಾನ್ವಿ ಕಡೆಯ ಹೆಂಗಸರು ಹೊಲದಲ್ಲಿ ನೀರು ಕುಡಿಯುವುದೇ ಕಡಿಮೆ. ಬಯಲಿನಲ್ಲಿ ಮರೆಯಿಲ್ಲ, ಕುಡಿದರೆ ಹೋಗುವುದಾದರೂ ಎಲ್ಲಿಗೆ? ಹೀಗೆ ತಡೆದುಕೊಂಡೇ ಕೆಲವರಿಗೆ ಉರಿಮೂತ್ರ ಶುರುವಾಗುತ್ತದೆ. ವೈದ್ಯರು ಅಂದಾಜಿನ ಮೇಲೆ ಒಂದು ಆ್ಯಂಟಿಬಯೋಟಿಕ್ ಬರೆಯುತ್ತಾರೆ. ರೋಗಾಣುವನ್ನು ಬೆಳೆಸಿ ಯಾವ ಮದ್ದು ನಾಟುತ್ತದೆಂದು ಹೇಳುವ ಕಲ್ಚರ್ ವರದಿ ಬರಲು ಎರಡು ಮೂರು ದಿನ ಬೇಕು. ಅದಕ್ಕಾಗಿ ಇನ್ನೊಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತುವವರು ಎಷ್ಟು ಮಂದಿ?

ಆ ತಡ ಯಾರ ಸೋಮಾರಿತನವೂ ಅಲ್ಲ. ಮೂತ್ರವನ್ನು ಅಗಾರ್ ತಟ್ಟೆಗೆ, ಅಂದರೆ ರೋಗಾಣುವಿಗೆ ಆಹಾರವಿರುವ ಲೋಳೆ ಹಾಸಿದ ತಟ್ಟೆಗೆ, ಹಚ್ಚಿಟ್ಟರೆ ರೋಗಾಣುಗಳು ಕಣ್ಣಿಗೆ ಕಾಣುವಷ್ಟು ಬೆಳೆಯಲು ಒಂದು ರಾತ್ರಿ ಹಿಡಿಯುತ್ತದೆ. ಅವುಗಳನ್ನು ಇನ್ನೊಂದು ತಟ್ಟೆಗೆ ಸವರಿ, ಒಂದೊಂದು ಮದ್ದು ಹೀರಿಕೊಂಡ ಪುಟ್ಟ ಕಾಗದದ ಬಿಲ್ಲೆಗಳನ್ನು ಮೇಲೆ ಇಡುತ್ತಾರೆ. ಮತ್ತೆ 16ರಿಂದ 18 ಗಂಟೆ ಕಾಯಬೇಕು. ಆಗ ತಟ್ಟೆಯ ತುಂಬ ಕೆನೆ ಕಟ್ಟಿದಂತೆ ರೋಗಾಣು ಹಬ್ಬಿರುತ್ತದೆ; ಮದ್ದು ನಾಟಿದ ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ಬಳೆಯೊಂದು ಮೂಡಿರುತ್ತದೆ. ಅದರ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಇನ್ನೊಂದು ಬಿಲ್ಲೆಯ ಅಂಚಿನವರೆಗೂ ರೋಗಾಣು ಬೆಳೆದು ನಿಂತಿದ್ದರೆ, ಆ ಮಾತ್ರೆ ನುಂಗಿದ್ದು ದಂಡ. 1966ರಲ್ಲಿ ಕಿರ್ಬಿ, ಬಾಯರ್ ಮತ್ತು ಸಂಗಡಿಗರು ಖಚಿತ ರೂಪ ಕೊಟ್ಟ ಈ ವಿಧಾನ ಅಗ್ಗದ್ದು, ಇಂದಿಗೂ ನಂಬಿಕೆಗೆ ಅರ್ಹವಾದದ್ದು.

ಆದರೆ ಉರಿಮೂತ್ರಕ್ಕೆ ಹೆಚ್ಚಾಗಿ ಕಾರಣವಾಗುವ ಇ. ಕೋಲೈ ಎಂಬ ರೋಗಾಣು ಅನುಕೂಲವಿದ್ದಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ನಾವು ರಾತ್ರಿಯಿಡೀ ಕಾಯುವುದು ಅದು ನಮ್ಮ ಕಣ್ಣಿಗೆ ಕಾಣಲಿ ಎಂದು. ಒಂಟಿ ರೋಗಾಣುವನ್ನೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕುಳಿತರೆ? ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದವರು ಹಿಡಿದದ್ದು ಈ ದಾರಿಯನ್ನು. ತುಂಗಭದ್ರಾ ಎಡದಂಡೆ ಕಾಲುವೆಯ ನಾಡಿನವರಿಗೆ ಇದು ಬೇಗ ಅರ್ಥವಾಗುತ್ತದೆ: ಅಂಗೈಯಗಲದ ಚಿಪ್‌ನೊಳಗೆ ರೋಗಾಣುವಿನ ಮೈಯಗಲದ ಸಾವಿರಾರು ಕಾಲುವೆಗಳು; ಕೆಲವಕ್ಕೆ ಬರೀ ಪೋಷಕ ದ್ರವ, ಉಳಿದವಕ್ಕೆ ಬೇರೆಬೇರೆ ಮದ್ದು ಬೆರೆತ ದ್ರವ. ಎಲ್ಲಿ ಬೆಳವಣಿಗೆ ಕುಂಟಿತೆಂದು ಕ್ಯಾಮೆರಾ ನೋಡುತ್ತದೆ. ಅರ್ಧ ಮಿಲಿಲೀಟರಿಗೂ ಕಡಿಮೆ ಮೂತ್ರ ಸಾಕು. ಐದು ಮದ್ದುಗಳ ಬಗ್ಗೆ ಸುಮಾರು 45 ನಿಮಿಷದಲ್ಲಿ ಉತ್ತರ. ಇದರಿಂದ ರೂಪುಗೊಂಡ ಯಂತ್ರಕ್ಕೆ 2024ರಲ್ಲಿ 80 ಲಕ್ಷ ಪೌಂಡಿನ ಲಾಂಜಿಟ್ಯೂಡ್ ಬಹುಮಾನ ಬಂತು. ರೋಗಿ ಹೊರಗಿನ ಬೆಂಚಿನ ಮೇಲೆ ಕುಳಿತಿರುವಾಗಲೇ ವರದಿ!

ಆ ಯಂತ್ರ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೂ ಬರಲೇಬೇಕು. ಅಲ್ಲಿಯವರೆಗೆ ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ಯುರೋಪಿನ ತಜ್ಞರು 2018ರಲ್ಲಿ ಮುಂದಿಟ್ಟ ಇನ್ನೊಂದು ವಿಧಾನ. ಇದು ರಕ್ತಕ್ಕೆ ಸೋಂಕು ತಗಲಿದವರಿಗಾಗಿ. ಕಲ್ಚರ್ ಬಾಟಲಿಯಲ್ಲಿ ರೋಗಾಣು ಬೆಳೆದದ್ದು ಕಂಡ ಕೂಡಲೇ ಆ ದ್ರವವನ್ನು ನೇರವಾಗಿ ತಟ್ಟೆಗೆ ಸವರಿ, 4, 6 ಮತ್ತು 8 ಗಂಟೆಗಳಿಗೆ ಬಳೆಯನ್ನು ಅಳೆಯುತ್ತಾರೆ. ಅದೇ ತಟ್ಟೆ, ಅದೇ ಬಿಲ್ಲೆ. ರೋಗಾಣುವಿನ ಜಾತಿ ಬೇಗ ಗೊತ್ತಾಗಬೇಕು, ಅಳೆಯಲು ಸಂಜೆಯ ಪಾಳಿಯಲ್ಲೊಬ್ಬರು ಇರಬೇಕು. ಅಷ್ಟಿದ್ದರೆ ಮಧ್ಯಾಹ್ನ ಸುಳಿವು ಕೊಟ್ಟ ಬಾಟಲಿಯ ಉತ್ತರ ರಾತ್ರಿಯ ಡೋಸ್ ಕೊಡುವ ಮೊದಲೇ ವಾರ್ಡಿಗೆ ತಲುಪುತ್ತದೆ.