‘ಅಮ್ಮ ಹಿಡಿದಾಳ’ ಎನ್ನುವ ನಾಡಲ್ಲಿ ಒಂದು ಹಳೆಯ ಪ್ರಶ್ನೆ: ಸಲಿಂಗ ಒಲವು ಹುಟ್ಟಿನಿಂದಲೋ, ಆಯ್ಕೆಯೋ?

ಹುಣ್ಣಿಮೆ ದಿನ ಮುನಿರಾಬಾದ್ ಸ್ಟೇಷನ್ನಿನಲ್ಲಿ ಇಳಿದು ಹುಲಿಗೆಮ್ಮ ದೇವಿಯ ಹುಲಿಗಿ ಕಡೆ ನಡೆದು ನೋಡಿ. ಕಾಲಿಡಲೂ ಜಾಗ ಇರುವುದಿಲ್ಲ. ಆ ಗದ್ದಲದಲ್ಲಿ ಜೋಗಪ್ಪಗಳು ಕಾಣುತ್ತಾರೆ, ಗಂಡಾಗಿ ಹುಟ್ಟಿ ಸೀರೆಯುಟ್ಟು ದೇವಿಯ ಸೇವೆಗೆ ನಿಂತವರು. ಹಣೆ ತುಂಬ ಭಂಡಾರ, ಕೊರಳಲ್ಲಿ ಮುತ್ತು, ಜೊತೆಗೆ ಚೌಡಿಕೆಯ ಸದ್ದು. ಯಾಕೆ ಹೀಗಾದಿರಿ ಎಂದರೆ, ‘ನಾವಾಗಿ ಆಗಿಲ್ರಿ, ಅಮ್ಮ ಹಿಡಿದಾಳ’ ಅನ್ನುತ್ತಾರೆ. ‘ಇದು ನಾನು ಆರಿಸಿಕೊಂಡದ್ದಲ್ಲ’ ಎಂಬುದಕ್ಕೆ ನಮ್ಮ ಕಡೆ ಇರುವ ಮಾತು ಅದು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು.

ಆದರೆ ಜೋಗಪ್ಪಗಳದ್ದು ತಾನು ಗಂಡೋ ಹೆಣ್ಣೋ ಎಂಬ ಒಳಗಿನ ಅರಿವು. ಯಾರ ಮೇಲೆ ಮನಸ್ಸಾಗುತ್ತದೆ ಎಂಬುದು ಬೇರೆ ಸಂಗತಿ. ಎರಡನ್ನೂ ಒಂದೇ ಗಂಟಿಗೆ ಕಟ್ಟುವವರೇ ಜಾಸ್ತಿ. ಪ್ಯಾಂಟು ಶರ್ಟು ಹಾಕಿಕೊಂಡು, ಗಂಡಸಾಗಿಯೇ ಇದ್ದು, ಇನ್ನೊಬ್ಬ ಗಂಡಸನ್ನು ಇಷ್ಟಪಡುವವನಿಗೆ ಅಮ್ಮನ ಆಸರೆಯೂ ಇಲ್ಲ. ಅವನದ್ದು ಚಟ, ಕೆಟ್ಟ ಸಹವಾಸ ಅನ್ನುತ್ತಾರೆ. ಔಷಧವೂ ರೆಡಿ: ‘ಮದುವಿ ಮಾಡ್ರಿ, ಸರಿ ಹೋಗ್ತಾನ.’ ಹಾಗೆ ಮದುವೆಯಾಗಿ ಬಂದ ಹುಡುಗಿಯ ಗತಿಯನ್ನು ಯಾರೂ ಕೇಳುವುದಿಲ್ಲ.

ಸಲಿಂಗ ಸಂಬಂಧ ಅಪರಾಧ ಎಂದು ಕಾಗದದಲ್ಲಿ ಬರೆದದ್ದು ಬ್ರಿಟಿಷರು. 1860ರ ದಂಡಸಂಹಿತೆಯ 377ನೇ ಕಲಂ ಇದನ್ನು ಪ್ರಕೃತಿಗೆ ವಿರುದ್ಧ ಎಂದಿತು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಹಾಗಾಗಿ ಕಾನೂನು ನೇರವಾಗಿ ಬಂತು. ರಾಯಚೂರು, ಕೊಪ್ಪಳ ನಿಜಾಮರ ಕಡೆ ಇದ್ದವು, ಅಲ್ಲಿಗೆ ಹಾಗೆ ನೇರವಾಗಿ ಬರಲಿಲ್ಲ.

ಅದೇ 1860ರ ದಶಕದಲ್ಲಿ ಜರ್ಮನಿಯ ವಕೀಲ ಕಾರ್ಲ್ ಹೈನ್ರಿಕ್ ಉಲ್ರಿಕ್ಸ್, ಇದು ಹುಟ್ಟಿನಿಂದ ಬಂದದ್ದು ಎಂದು ಬರೆದ. 1897ರಿಂದ ವೈದ್ಯ ಮ್ಯಾಗ್ನಸ್ ಹಿರ್ಶ್‌ಫೆಲ್ಡ್ ಅದೇ ವಾದ ಹಿಡಿದು ಅಲ್ಲಿನ ಕಾನೂನಿನ ವಿರುದ್ಧ ಸಹಿ ಸಂಗ್ರಹಿಸಿದ. ಅಂದರೆ ‘ಹುಟ್ಟಾ, ಆಯ್ಕೆಯಾ’ ಎಂಬ ಜಗಳ ಶುರುವಾದದ್ದು ಜೈಲು ತಪ್ಪಿಸಲು. ಆದರೆ ಹುಟ್ಟಿನದು ಎಂದರೂ ಬಿಡಲಿಲ್ಲ. ಹಾಗಾದರೆ ರೋಗ ಎಂದರು, ಕರೆಂಟ್ ಶಾಕ್ ಕೊಟ್ಟರು. ಅಮೆರಿಕದ ಮನೋವೈದ್ಯರ ಸಂಘ ರೋಗಗಳ ಪಟ್ಟಿಯಿಂದ ಇದನ್ನು ತೆಗೆದದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ.

ಆಮೇಲೆ ಜೀನ್ ಹುಡುಕಾಟ. 1993ರಲ್ಲಿ ಅಮೆರಿಕದ ವಿಜ್ಞಾನಿ ಡೀನ್ ಹೇಮರ್, ಜೀನ್‌ಗಳನ್ನು ಹೊತ್ತ ಎಳೆಗಳಲ್ಲೊಂದಾದ ಎಕ್ಸ್ ಕ್ರೋಮೋಸೋಮಿನ ಒಂದು ಭಾಗದತ್ತ ಬೊಟ್ಟು ಮಾಡಿದಾಗ ‘ಗೇ ಜೀನ್’ ಸಿಕ್ಕಿತು ಎಂದು ಪತ್ರಿಕೆಗಳು ಕುಣಿದವು. 2019ರಲ್ಲಿ 4 ಲಕ್ಷ 70 ಸಾವಿರಕ್ಕೂ ಹೆಚ್ಚು ಜನರ ಜೀನ್ ನೋಡಿದ ಅಧ್ಯಯನ ಅದನ್ನು ತಿದ್ದಿತು. ಅಂಥ ಒಂದೇ ಜೀನ್ ಇಲ್ಲ. ಸಣ್ಣ ಸಣ್ಣ ಪರಿಣಾಮದ ಬಹಳಷ್ಟು ಜೀನ್‌ಗಳಿವೆ, ಎಲ್ಲ ಸೇರಿದರೂ ಪೂರ್ತಿ ಉತ್ತರ ಸಿಗದು. ಒಂದೇ ರೂಪದ ಅವಳಿಗಳಲ್ಲೂ ಒಬ್ಬ ಸಲಿಂಗಿಯಾಗಿ ಇನ್ನೊಬ್ಬ ಆಗದಿರುವುದುಂಟು. ಅಣ್ಣಂದಿರು ಹೆಚ್ಚಿದ್ದಷ್ಟೂ ತಮ್ಮನಲ್ಲಿ ಈ ಸಾಧ್ಯತೆ ಸ್ವಲ್ಪ ಹೆಚ್ಚು ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅಂದರೆ ತಾಯಿಯ ಗರ್ಭದಲ್ಲೂ ಏನೋ ನಡೆಯುತ್ತಿರಬಹುದು.

ಜೀನ್ ಸಿಗಲಿಲ್ಲ ಅಂದಮಾತ್ರಕ್ಕೆ ಅದು ಆಯ್ಕೆ ಆಗಿಬಿಡುತ್ತಾ? ಇಲ್ಲ. ಹುಡುಗಿಯರನ್ನು ಇಷ್ಟಪಡೋಣ ಎಂದು ಒಂದು ದಿನ ಕೂತು ತೀರ್ಮಾನ ಮಾಡಿದ ಹುಡುಗ ಯಾರಿದ್ದಾನೆ ಹೇಳಿ. ಎದೆ ಸುಮ್ನೆ ಹೊಡೆದುಕೊಂಡಿರುತ್ತದೆ, ಅಲ್ವಾ. ಆರಿಸಿಕೊಳ್ಳಲು ಇರುವುದು ಒಂದೇ, ಅದನ್ನು ಹೇಳಿಕೊಳ್ಳುವುದೋ ಮುಚ್ಚಿಡುವುದೋ.

ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ವಯಸ್ಕರ ಒಪ್ಪಿತ ಸಂಬಂಧವನ್ನು 377ರಿಂದ ಬಿಡಿಸಿತು. ಒಲವು ‘ಬದಲಿಸುವ’ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು. ಮಗನನ್ನು ಸರಿ ಮಾಡಿಕೊಡ್ತೀನಿ ಎಂದು ಯಾವುದೇ ಡಾಕ್ಟರು ಫೀಸು ಕೇಳಿದರೆ ಕೊಡಬೇಡಿ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಬರೆಯಿರಿ.