ಪುಣ್ಯದ ಕೆಲಸಕ್ಕೂ ಒಂದು ರುಜು ಬೇಕು, ಮಾರಾಯ್ರೇ

"ನಂಗೆ ದುಡ್ಡು ಬೇಡ ಅಂದ್ನಲ್ಲ ಸಾರ್, ಮತ್ತೆ ರುಜು ಯಾಕೆ?"

ವಿಪತ್ತಿನಲ್ಲಿ ಪುಕ್ಕಟೆ ದುಡಿದವರಿಗೆ ಗಂಟೆಗಳ ಲೆಕ್ಕ ಬರೆದು ರುಜು ಹಾಕಿ ಅಂದಾಗ ಈ ಪ್ರಶ್ನೆಯನ್ನು ನಾನು ಇಂಗ್ಲಿಷಿನಲ್ಲಿ ನೂರು ಸಲ ಕೇಳಿಸಿಕೊಂಡಿದ್ದೇನೆ. ಕನ್ನಡದಲ್ಲಿ ಕೇಳಿದ್ದು ಒಬ್ಬರೇ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ನನ್ನ ಕೆಲಸ ಸಣ್ಣ ಕೌಂಟಿಗಳ (ನಮ್ಮ ಜಿಲ್ಲೆಯಂಥವು) ವಿಪತ್ತು ವೆಚ್ಚದ ಕಡತ ಜೋಡಿಸಿ ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾಕ್ಕೆ ಕಳಿಸುವುದು. ಬಿರುಗಾಳಿ ಬಂದಾಗ ಟಿವಿಯವರು ಮಳೆ ತೋರಿಸುತ್ತಾರೆ, ನನಗೆ ರಸೀದಿಗಳು ಕಾಣುತ್ತವೆ. ವೃತ್ತಿರೋಗ.

2024ರ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಚಂಡಮಾರುತ ಫ್ಲೋರಿಡಾದ ಕರಾವಳಿಗೆ ಬಡಿಯಿತು. ಮರುದಿನ ಬೆಳಗಾಗುವಷ್ಟರಲ್ಲಿ ನಮ್ಮ ರಾಜ್ಯದ ಪಶ್ಚಿಮದ ಗುಡ್ಡಗಾಡು ಹೊಳೆಯಾಗಿತ್ತು. ನಾನು ತೀರ್ಥಹಳ್ಳಿ ಕಡೆಯವನು, ಮಳೆ ನನಗೆ ಹೊಸದಲ್ಲ. ಆದರೆ ಪಿಜನ್ ನದಿಯ ಕಣಿವೆಯಲ್ಲಿ ಐ-40 ಹೆದ್ದಾರಿಯ ಒಂದು ಬದಿಯೇ ಕುಸಿದು ನೀರುಪಾಲಾದ ಚಿತ್ರ ನೋಡಿ ಬಾಯಿ ಕಟ್ಟಿಹೋಯಿತು. ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಸ್ಪ್ರೂಸ್ ಪೈನ್, ಬರ್ನ್ಸ್‌ವಿಲ್ ಅಂಥ ಊರುಗಳಿಗೆ ದಾರಿಯಿಲ್ಲ, ಫೋನಿಲ್ಲ. ಕೆಲವು ಕಡೆ ಹೇಸರಗತ್ತೆಯ ಬೆನ್ನಿನ ಮೇಲೆ ಔಷಧ ಹೋಯಿತು. ಮಿಕ್ಕ ಕಡೆ ಆಕಾಶವೇ ದಾರಿ.

ಆಗ ಬಂದವರು ಈ ಹವ್ಯಾಸಿ ಪೈಲಟ್‌ಗಳು. ಸ್ವಂತ ಸೆಸ್ನಾ ಎಂಬ ಪುಟ್ಟ ವಿಮಾನ ಇದ್ದವರು, ನಾಲ್ಕು ಜನ ಸೇರಿ ಒಂದು ಕೊಂಡವರು, ಹೆಲಿಕಾಪ್ಟರ್ ಇದ್ದ ಸಿರಿವಂತರು. ಹಿಕರಿ, ಸ್ಟೇಟ್ಸ್‌ವಿಲ್, ಕಾಂಕರ್ಡ್ ವಿಮಾನ ನಿಲ್ದಾಣಗಳು ಸಂತೆಯಾದವು. 2017ರ ಹಾರ್ವಿ ಚಂಡಮಾರುತದ ಕಾಲಕ್ಕೆ ಟೆಕ್ಸಸ್‌ನಲ್ಲಿ ಹುಟ್ಟಿದ ಆಪರೇಷನ್ ಏರ್‌ಡ್ರಾಪ್ ಎಂಬ ಸ್ವಯಂಸೇವಾ ಸಂಸ್ಥೆ ಕಾಂಕರ್ಡ್‌ನಲ್ಲಿ ಠಿಕಾಣಿ ಹೂಡಿತ್ತು. ನಮ್ಮವರೂ ಅಕ್ಕಿ, ಡಯಾಪರ್, ನೀರಿನ ಬಾಟಲಿ ಹೊತ್ತು ಬಂದರು. (ನೀರು ತರಬೇಡಿ ಅಂತ ಎಷ್ಟು ಹೇಳಿದರೂ ತರುತ್ತೀರಿ. ಇಪ್ಪತ್ತನಾಲ್ಕು ಬಾಟಲಿಯ ಒಂದು ಕಟ್ಟು ಹನ್ನೆರಡು ಕಿಲೋ. ಪೈಲಟ್ ಮತ್ತು ಇಂಧನದ ತೂಕ ಕಳೆದರೆ ಸೆಸ್ನಾ 172 ಹೊರುವುದು ಹೆಚ್ಚುಕಡಿಮೆ ಇನ್ನೂರು ಕಿಲೋ. ಇನ್ಸುಲಿನ್ ಕೊಡಿ, ಮಗುವಿನ ಹಾಲುಪುಡಿ ಕೊಡಿ. ಹಳೆ ಬಟ್ಟೆಯ ವಿಷಯ ನಾನು ಎತ್ತುವುದೇ ಇಲ್ಲ.)

ಈಗ ರುಜುವಿನ ಮಾತು. ನಿಧಾನಕ್ಕೆ ಹೇಳುತ್ತೇನೆ, ಎರಡು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ವಿಪತ್ತಿನ ವೆಚ್ಚವನ್ನು ಕೇಂದ್ರ ಸರ್ಕಾರ ಪೂರ್ತಿ ಕೊಡುವುದಿಲ್ಲ. 1988ರ ಸ್ಟಾಫರ್ಡ್ ಕಾಯಿದೆಯ ಪ್ರಕಾರ ಕಡಿಮೆಯೆಂದರೆ ನೂರಕ್ಕೆ ಎಪ್ಪತ್ತೈದು ಅವರದು, ಉಳಿದ ಪಾಲು ರಾಜ್ಯ ಮತ್ತು ಕೌಂಟಿಯದು. ಬಡ ಕೌಂಟಿಗೆ ಈ ಇಪ್ಪತ್ತೈದೇ ಕೊರಳಿಗೆ ಬೀಳುವ ಹಗ್ಗ. ಆದರೆ ಆ ಪಾಲನ್ನು ನಗದಿನಲ್ಲೇ ಕಟ್ಟಬೇಕೆಂದಿಲ್ಲ. ಹೊರಗಿನವರು ಪುಕ್ಕಟೆ ಮಾಡಿಕೊಟ್ಟ ಕೆಲಸ, ಕೊಟ್ಟ ಸಾಮಾನು, ಓಡಿಸಿದ ಯಂತ್ರ, ಇವಕ್ಕೆ ಬೆಲೆ ಕಟ್ಟಿ ಕೌಂಟಿಯ ಪಾಲಿಗೆ ಜಮೆ ಹಿಡಿಯಲು ಫೀಮಾ ಒಪ್ಪುತ್ತದೆ.

ಒಂದು ಲೆಕ್ಕ ಹಾಕೋಣ, ಅಂಕಿಗಳು ನನ್ನ ಕಲ್ಪನೆಯವು. ತುರ್ತು ಕೆಲಸಕ್ಕೆ 80,000 ಡಾಲರ್ ಖರ್ಚಾಯಿತು. ಕೇಂದ್ರ 60,000 ಕೊಟ್ಟಿತು, ಕೌಂಟಿ 20,000 ಹೊಂದಿಸಬೇಕು. ಅದೇ ಹೊತ್ತಿಗೆ ಸ್ವಯಂಸೇವಕರು ಗೋದಾಮಿನಲ್ಲಿ, ರನ್‌ವೇ ಪಕ್ಕದಲ್ಲಿ, ಆಕಾಶದಲ್ಲಿ ಸೇರಿ 500 ಗಂಟೆ ದುಡಿದರು. ಅದೇ ಕೆಲಸಕ್ಕೆ ಕೌಂಟಿ ತನ್ನ ನೌಕರನಿಗೆ ಗಂಟೆಗೆ 24 ಡಾಲರ್ ಕೊಡುತ್ತದೆ ಅಂದುಕೊಳ್ಳಿ. 12,000 ಆಯಿತು. ಕೌಂಟಿ ತನ್ನ ಕಿಸೆಯಿಂದ ಕಟ್ಟಬೇಕಾದ್ದು ಇನ್ನು 8,000 ಮಾತ್ರ.

ಮತ್ತೊಂದು ಸಲ. ರುಜು ಹಾಕಿದರೆ ನಿಮಗೆ ದುಡ್ಡು ಬರುವುದಿಲ್ಲ. ಒಂದು ಕಾಸೂ ಬರುವುದಿಲ್ಲ. ನಿಮ್ಮ ಪುಣ್ಯ ನಿಮ್ಮ ಹತ್ತಿರವೇ ಇರುತ್ತದೆ, ಯಾರೂ ಕಿತ್ತುಕೊಳ್ಳುವುದಿಲ್ಲ. ರುಜು ಹಾಕದಿದ್ದರೆ ಮಾತ್ರ ನೀವು ದುಡಿದ ಗಂಟೆಗಳು ಸರ್ಕಾರದ ಕಣ್ಣಿಗೆ ನಡೆದೇ ಇಲ್ಲ, ಅಷ್ಟು ದುಡ್ಡನ್ನು ಮನೆ ಕಳೆದುಕೊಂಡವರ ತೆರಿಗೆಯಿಂದಲೇ ತೆಗೆಯಬೇಕು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು, ಸರಿ. ಕೌಂಟಿಯ ಗುಮಾಸ್ತನಿಗೆ ತಿಳಿಯಲೇಬೇಕು.

ಒಂದು ಕೌಂಟಿ, ಹೆಸರು ಬೇಡ, ಹಿಂದಿನ ಒಂದು ಪ್ರವಾಹದಲ್ಲಿ ನನ್ನ ಮುಂದೆ ಮೂರು ರಟ್ಟಿನ ಪೆಟ್ಟಿಗೆ ತಂದಿಟ್ಟಿತು. ಒಳಗೆ ಫೋಟೋಗಳು. ನಗುವ ಪೈಲಟ್‌ಗಳು, ರಾಶಿ ಡಬ್ಬಗಳು, ರೆಕ್ಕೆಯ ಕೆಳಗೆ ನಿಂತ ಒಂದು ನಾಯಿ. ಹೆಸರಿಲ್ಲ, ತಾರೀಖಿಲ್ಲ, ಎಷ್ಟು ಹೊತ್ತಿಗೆ ಬಂದರು, ಹೋದರು ಇಲ್ಲ. ನಾನು ನಾಯಿಗೆ ಎಷ್ಟು ಗಂಟೆ ಬರೆಯಲಿ? ಅಲ್ಲಿನ ಹಣಕಾಸು ಅಧಿಕಾರಿ, ಅರವತ್ತು ದಾಟಿದ ಹೆಂಗಸು, ಪೆಟ್ಟಿಗೆ ಮುಚ್ಚಿ ಕಾಫಿ ಕೊಟ್ಟರು. ಇಬ್ಬರೂ ಮಾತಾಡಲಿಲ್ಲ.

ವಿಮಾನದ ಲೆಕ್ಕದಲ್ಲಿ ಇನ್ನೂ ಕೆಲವು ತಿರುವುಗಳಿವೆ. ಪೈಲಟ್ಟಿನ ಸಮಯ ಬೇರೆ, ವಿಮಾನದ ಗಂಟೆ ಬೇರೆ. ಯಂತ್ರಗಳಿಗೆ ಫೀಮಾದ್ದೇ ದರಪಟ್ಟಿ ಇದೆ, ಅದರೊಳಗೆ ಇಂಧನ, ದುರಸ್ತಿ ಎಲ್ಲ ಸೇರಿರುತ್ತವೆ. ಹಾಗಾಗಿ ಆ ದರ ಹಿಡಿದ ಮೇಲೆ ಪೆಟ್ರೋಲ್ ಚೀಟಿಯನ್ನೂ ಲಗತ್ತಿಸಿದರೆ ಒಂದೇ ಹಸುವನ್ನು ಎರಡು ಸಲ ಕರೆದಂತೆ, ಆಡಿಟ್‌ನವರು ಹಿಡಿಯುತ್ತಾರೆ. ಸಿವಿಲ್ ಏರ್ ಪ್ಯಾಟ್ರೋಲ್‌ನವರು ಹಾರಿದ್ದನ್ನು ಸೇರಿಸುವ ಮುಂಚೆ ಕೇಳಿ. 1941ರಲ್ಲಿ ಹುಟ್ಟಿ 1948ರಿಂದ ವಾಯುಪಡೆಯ ಸಹಾಯಕ ದಳವಾಗಿರುವ ಅವರೂ ಸ್ವಯಂಸೇವಕರೇ, ಆದರೆ ವಾಯುಪಡೆ ವಹಿಸಿದ ಹಾರಾಟಕ್ಕೆ ಕೇಂದ್ರದ ದುಡ್ಡೇ ಸಂದಿರುತ್ತದೆ. ಕೇಂದ್ರದ ದುಡ್ಡನ್ನು ಕೇಂದ್ರಕ್ಕೇ ನಿಮ್ಮ ಪಾಲು ಅಂತ ತೋರಿಸುವಂತಿಲ್ಲ. ಮತ್ತೆ, ಕೌಂಟಿಯ ತುರ್ತು ಸೇವಾ ಕಚೇರಿ ಕೇಳಿದ ಕೆಲಸವಾಗಿರಬೇಕು. ಫೇಸ್‌ಬುಕ್ ನೋಡಿ ನೀವೇ ಹಾರಿಕೊಂಡು ಹೋಗಿ ಯಾರದೋ ಹುಲ್ಲುಗಾವಲಿನಲ್ಲಿ ಇಳಿದು ಬಂದದ್ದು ಒಳ್ಳೆಯ ಕೆಲಸವೇ ಇರಬಹುದು, ನನ್ನ ಕಡತಕ್ಕೆ ಬರುವುದು ಕಷ್ಟ.

ಪೈಲಟ್‌ಗಳ ಹೆದರಿಕೆ ಇನ್ನೊಂದಿದೆ, ಅದು ನ್ಯಾಯವಾದದ್ದೇ. ಖಾಸಗಿ ಲೈಸೆನ್ಸ್ ಇದ್ದವರು ಹಣ ಪಡೆದು ಹಾರುವಂತಿಲ್ಲ. ಸರ್ಕಾರಿ ಸಂಸ್ಥೆಯ ನಿರ್ದೇಶನದಲ್ಲಿ ನಡೆಯುವ ಹುಡುಕಾಟಕ್ಕೆ ಇಂಧನದಂಥ ಖರ್ಚು ವಾಪಸು ಪಡೆಯಬಹುದೆಂಬ ವಿನಾಯಿತಿ ಇದೆ, ಆದರೆ ಅಕ್ಕಿಮೂಟೆ ಸಾಗಿಸುವುದು ಹುಡುಕಾಟವಲ್ಲವಲ್ಲ. "ಗಂಟೆ ಬರೆದರೆ ನಾಳೆ ನನ್ನ ಲೈಸೆನ್ಸಿಗೆ ಕುತ್ತು ಬಂದರೆ?" ಅನ್ನುತ್ತಾರೆ. ಜಮೆಯಾಗುವುದು ಕೌಂಟಿಗೆ, ನಿಮಗಲ್ಲ. ಹಾಗಾಗಿ ತೊಂದರೆಯಿಲ್ಲ ಎಂದು ನನ್ನ ತಿಳಿವಳಿಕೆ. ಆದರೆ ನಾನು ಲೆಕ್ಕಿಗ, ವಕೀಲನಲ್ಲ. ವಾಯುಯಾನ ಬಲ್ಲ ವಕೀಲರನ್ನು ಬಿರುಗಾಳಿ ಇಲ್ಲದ ತಿಂಗಳಲ್ಲಿ ಕೇಳಿಟ್ಟುಕೊಳ್ಳಿ.

ಇಷ್ಟಾದ ಮೇಲೆ ಬುದ್ಧಿವಂತರೊಬ್ಬರು ಎದ್ದು ನಿಂತು, "ಹೆಲೀನ್‌ಗೆ ಕೇಂದ್ರ ನೂರಕ್ಕೆ ನೂರು ಕೊಟ್ಟಿತಲ್ಲ, ಪಾಲೇ ಇಲ್ಲದಾಗ ಗಂಟೆ ಬರೆಯುವ ಲಾಗ್ ಯಾಕೆ?" ಅನ್ನುತ್ತಾರೆ. ಹೌದು, ಅವಶೇಷ ತೆರವು ಮತ್ತು ತುರ್ತು ರಕ್ಷಣೆಗೆ ಆರು ತಿಂಗಳ ಮಟ್ಟಿಗೆ ಪೂರ್ತಿ ಕೊಡುವುದಾಗಿ ಅಧ್ಯಕ್ಷ ಬೈಡನ್ ಘೋಷಿಸಿದ್ದು 2024ರ ಅಕ್ಟೋಬರ್ 2ರಂದು. ಮಳೆ ಸುರಿದದ್ದು ಸೆಪ್ಟೆಂಬರ್ 27ಕ್ಕೆ. ನಡುವಿನ ದಿನಗಳಲ್ಲಿ ಹಾರಿದವರಿಗೆ ಅದು ಕನಸಿನಲ್ಲಿ ಬಿದ್ದಿತ್ತೇ? ಅವಧಿ ವಿಸ್ತರಿಸಿ ಎಂದು ರಾಜ್ಯ ಬೇಡಿಕೊಂಡಾಗ 2025ರ ಏಪ್ರಿಲ್‌ನಲ್ಲಿ ಫೀಮಾ ಒಲ್ಲೆ ಅಂದಿತು. ಪಾಲು ಎಷ್ಟೆಂದು ಗೊತ್ತಾಗುವುದು ಕೊನೆಗೆ, ಲಾಗ್ ಬರೆಯಬೇಕಾದ್ದು ಮೊದಲ ದಿನ. ಯಾವ ಯಾವ ಕೆಲಸಕ್ಕೆ ಜಮೆ ಹಿಡಿಯಬಹುದೆಂಬ ನಿಯಮವೂ ಆಗಾಗ ತಿದ್ದುಪಡಿಯಾಗುತ್ತಿರುತ್ತದೆ, ನಾನು ಇಂದು ಹೇಳಿದ್ದನ್ನೇ ಮೂರು ವರ್ಷ ಬಿಟ್ಟು ಹಿಡಿದುಕೊಂಡು ಬರಬೇಡಿ.

ಊರಿನಲ್ಲಿರುವ ನನ್ನ ಭಾವ ಫೋನಿನಲ್ಲಿ ಇದನ್ನೆಲ್ಲ ಕೇಳಿ, "ನಮ್ಮಲ್ಲಿ ಹೆಂಗೋ?" ಅಂದ. ಅಲ್ಲಿ ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕರ್ನಾಟಕದಂಥ ರಾಜ್ಯಗಳು ಹಾಕುವ ಪಾಲೂ ಇಪ್ಪತ್ತೈದೇ, ಕೇಂದ್ರದ್ದು ಎಪ್ಪತ್ತೈದು. ಆದರೆ ಅದು ಮೊದಲೇ ತುಂಬಿಡುವ ಹುಂಡಿ. ಹೆಲಿಕಾಪ್ಟರ್ ಬಾಬತ್ತಿನಲ್ಲಿ ವಾಯುಪಡೆ ಅಥವಾ ಇತರ ವಿಮಾನದವರು ಕೊಟ್ಟ ಬಿಲ್ಲಿನಷ್ಟು ನಿಧಿಯಿಂದ ಸಲ್ಲುತ್ತದೆ. ವಯನಾಡಿನ ಭೂಕುಸಿತವಾದ 2024ರಲ್ಲೇ, ಹಳೆಯ ಬಾಕಿಯೂ ಸೇರಿ 132 ಕೋಟಿ ರೂಪಾಯಿಗೂ ಹೆಚ್ಚಿನ ಬಿಲ್ ಕೇರಳಕ್ಕೆ ಹೋದಾಗ ಎಷ್ಟು ಗಲಾಟೆಯಾಯಿತು ಎಂದು ನೆನಪಿರಬಹುದು. ಸ್ವಯಂಸೇವಕನ ಗಂಟೆಗೆ ಬೆಲೆ ಕಟ್ಟುವ ಬಾಬತ್ತು ನಾನು ಓದಿದ ಪಟ್ಟಿಯಲ್ಲಿಲ್ಲ. "ಹಂಗಾದ್ರೆ ನಾವು ಆರಾಮ, ರುಜು ಹಾಕೋದೇ ಬೇಡ" ಅಂದ ಭಾವ.

ಮೊದಲ ಸಾಲಿನಲ್ಲಿ ಬಂದ ಕನ್ನಡಿಗರಿಗೆ ಹಿಂತಿರುಗುತ್ತೇನೆ. ಸಾಫ್ಟ್‌ವೇರ್ ಕೆಲಸ, ಸಾಗರದ ಕಡೆಯವರು, ವಾರಾಂತ್ಯಕ್ಕೆ ಹಾರುವ ಹುಚ್ಚು. ಹೆಲೀನ್ ಸಮಯದಲ್ಲಿ ದಿನಕ್ಕೆ ಮೂರು ಸುತ್ತು ಹಾರಿ, ಬೆನ್ನು ಹಿಡಿದುಕೊಂಡು ಮನೆ ಸೇರಿದವರು. ಅವರ ಹೆಂಡತಿ ಹ್ಯಾಂಗರಿನಲ್ಲಿ ಕೂತು ಡಬ್ಬ ವಿಂಗಡಿಸುತ್ತಿದ್ದರು. ಆ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ ಎಂದಾಗ ಆಕೆಯೇ ಮೊದಲು ಪೆನ್ನು ತೆಗೆದುಕೊಂಡರು. ಇವರು ಮಾತ್ರ ಒಪ್ಪಲು ಒಂದು ವಾರ ಹಿಡಿಯಿತು. ಕೊನೆಗೊಂದು ರಾತ್ರಿ ವಾಟ್ಸಾಪಿನಲ್ಲಿ ಫೋಟೋ ಬಂತು. ಸಾರಿನಪುಡಿ ಪೊಟ್ಟಣದ ಹಿಂದೆ ಎಂಜಿನ್ ಓಡಿದ ಗಂಟೆ ತೋರಿಸುವ ಹಾಬ್ಸ್ ಮೀಟರಿನ ಅಂಕಿಗಳು ನೀಟಾಗಿ, ಹೊರಟದ್ದು ಎಲ್ಲಿಂದ, ಇಳಿದದ್ದು ಎಲ್ಲಿ, ಎಷ್ಟು ಕಿಲೋ, ಕೆಳಗೆ ದೊಡ್ಡದೊಂದು ರುಜು. ಖುಷಿಯಾಗಿ ಎರಡು ಸಲ ನೋಡಿದೆ.

ತಾರೀಖು ಹಾಕಿರಲಿಲ್ಲ.