ಮೈಸೂರು ಅಂತ ಒಂದು ಹಡಗಿತ್ತು

ದಸರಾಗೆ ಇನ್ನೂ ಕೆಲವು ವಾರ ಇರುವಾಗಲೇ ವಸ್ತುಪ್ರದರ್ಶನ ಮೈದಾನದ ಕಡೆಯಿಂದ ಢಂ ಢಂ ಅಂತ ಸದ್ದು ಶುರುವಾಗುತ್ತದೆ. ಊರಿಗೆ ಹೊಸದಾಗಿ ಬಂದವರು ಬೆಚ್ಚಿಬೀಳುತ್ತಾರೆ. ನಮಗೆ ಗೊತ್ತು, ಅದು ಕುಶಾಲತೋಪಿನ ತಾಲೀಮು. ಅರಮನೆಯ ಹಳೆಯ ಫಿರಂಗಿಗಳನ್ನು ಪೊಲೀಸರು ಹೊರಗೆ ತಂದು, ಪೂಜೆ ಮಾಡಿ, ನಳಿಕೆ ಒರೆಸಿ, ಮದ್ದು ತುಂಬಿ ಹಾರಿಸುತ್ತಾರೆ. ಆನೆ, ಕುದುರೆಗಳಿಗೆ ಸದ್ದು ಅಭ್ಯಾಸವಾಗಬೇಕಲ್ಲ. ವಿಜಯದಶಮಿಯ ದಿನ 7 ಫಿರಂಗಿಗಳಿಂದ 21 ಸುತ್ತು. ರಾಷ್ಟ್ರಗೀತೆ ಮುಗಿಯುವಷ್ಟರಲ್ಲಿ ಅಷ್ಟೂ ಹಾರಿಬಿಡಬೇಕು.

ಹೋದ ವರ್ಷ ಅಕ್ಕನ ಮಗಳನ್ನು ತಾಲೀಮು ನೋಡಲು ಕರೆದುಕೊಂಡು ಹೋಗಿದ್ದೆ. ಆರನೇ ಕ್ಲಾಸಿನ ಹುಡುಗಿ. ಅದೇ ಬೇಸಿಗೆಯಲ್ಲಿ ಕಾರವಾರದ ಕಡಲತೀರದಲ್ಲಿ ಇಟ್ಟಿರುವ ಚಪಲ್ ನೌಕೆಯನ್ನು ನೋಡಿ ಬಂದಿದ್ದಳು. ಕಿವಿ ಮುಚ್ಚಿಕೊಂಡೇ ಕೇಳಿದಳು: "ಮಾಮ, ಇಷ್ಟು ಹಳೇ ಫಿರಂಗಿ ಇನ್ನೂ ಕೆಲಸ ಮಾಡುತ್ತಲ್ಲ, ಹಾಗಾದ್ರೆ ಹಳೇ ಯುದ್ಧದ ಹಡಗನ್ನೂ ಮತ್ತೆ ಓಡಿಸಬಹುದಾ?"

ಓಡಿಸಿದ್ದಾರೆ ಅಂದೆ. ಒಂದಲ್ಲ, ನಾಲ್ಕು ಹಡಗು. ಆಮೇಲೆ ಮೈಸೂರು ಅನ್ನೋ ಹೆಸರಿನ ಹಡಗೂ ಒಂದಿತ್ತು ಅಂದೆ. "ಅದು ಈಗ ಎಲ್ಲಿದೆ?" ಅಂತ ತಕ್ಷಣ ಕೇಳಿದಳು. ಆ ಎರಡು ಪ್ರಶ್ನೆಗಳ ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಕನ್ನಡದಲ್ಲಿ ನಾವು ಎಲ್ಲವನ್ನೂ ಯುದ್ಧನೌಕೆ ಅಂದುಬಿಡುತ್ತೇವೆ. ನೌಕಾಪಡೆಯವರಿಗೆ ಬ್ಯಾಟಲ್‌ಶಿಪ್ ಅಂದರೆ ಬೇರೆಯೇ ಜಾತಿ. ದಪ್ಪ ಉಕ್ಕಿನ ಕವಚ, ಭಾರಿ ಫಿರಂಗಿ. ಅಮೆರಿಕದ ಅಯೋವಾ ವರ್ಗದ ನಾಲ್ಕು ಹಡಗುಗಳು ಈ ಜಾತಿಯ ಕೊನೆಯ ದೊಡ್ಡ ಹೆಸರುಗಳು: ಅಯೋವಾ, ನ್ಯೂಜೆರ್ಸಿ, ಮಿಸೌರಿ, ವಿಸ್ಕಾನ್ಸಿನ್. 1943 ಮತ್ತು 1944ರಲ್ಲಿ ಸೇವೆಗೆ ಬಂದವು. ಒಂದೊಂದೂ ಸುಮಾರು 270 ಮೀಟರ್ ಉದ್ದ. ಒಂದೊಂದರಲ್ಲೂ 9 ಫಿರಂಗಿ, ಬಾಯಿಯ ಅಗಲ 406 ಮಿಲಿಮೀಟರ್. ಕವಚ ಸೀಳುವ ಗುಂಡಿನ ತೂಕ 1,225 ಕಿಲೋ, ಹೆಚ್ಚುಕಡಿಮೆ ಒಂದು ಕಾರಿನಷ್ಟು. ಅದು ಸುಮಾರು 38 ಕಿಲೋಮೀಟರ್ ಹಾರುತ್ತದೆ. ಮೈಸೂರಿನಲ್ಲಿ ಹೊಡೆದರೆ ಹೋಗಿ ಬೀಳುವುದು ಮಂಡ್ಯದಲ್ಲಿ! ಗುಂಡಿನ ಹಿಂದೆ ತಲಾ 50 ಕಿಲೋದ ಆರು ಮದ್ದಿನ ಚೀಲ ಇಡುತ್ತಿದ್ದರು. ಆ ಚೀಲಗಳು ರೇಷ್ಮೆಯವು. ರೇಷ್ಮೆ ಕಿಡಿ ಉಳಿಸದೆ ಪೂರ್ತಿ ಸುಡುತ್ತದೆ. ನಳಿಕೆಯಲ್ಲಿ ಒಂದೇ ಒಂದು ಕಿಡಿ ಉಳಿದರೂ ಮುಂದಿನ ಚೀಲ ಇಡುವವನ ಕೈಯಲ್ಲೇ ಬೆಂಕಿ. ರೇಷ್ಮೆಯ ಊರಿನವರಾದ ನಮಗೆ ಈ ವಿಷಯ ಚೆನ್ನಾಗಿ ನೆನಪಿರುತ್ತದೆ ಅಲ್ವಾ?

1945ರ ಸೆಪ್ಟೆಂಬರ್ 2ರಂದು ಜಪಾನ್ ಶರಣಾಗತಿಗೆ ಸಹಿ ಹಾಕಿದ್ದು ಮಿಸೌರಿಯ ಡೆಕ್ ಮೇಲೆ. ಯುದ್ಧ ಮುಗಿಯಿತು. ವಿಮಾನವಾಹಕ ನೌಕೆಗಳ ಕಾಲ ಬಂತು. ಮಿಸೌರಿ ಬಿಟ್ಟು ಉಳಿದ ಮೂರನ್ನು 1949ರ ಹೊತ್ತಿಗೆ ಮಲಗಿಸಿದರು.

ಮಲಗಿಸುವುದು ಅಂದರೆ ಸುಮ್ನೆ ಲಂಗರು ಹಾಕಿ ಹೊರಟುಹೋಗುವುದಲ್ಲ. ನಮ್ಮ ಮನೆಗಳಲ್ಲಿ ಮೈಸೂರು ಸಿಲ್ಕ್ ಸೀರೆಯನ್ನು ಬಿಳಿ ಪಂಚೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ ಬೀರುವಿನಲ್ಲಿ ಇಡುತ್ತಾರಲ್ಲ, ಹಾಗೆ. ಅಮೆರಿಕದ ನೌಕಾಪಡೆಯವರೂ ಈ ಪದ್ಧತಿಗೆ ನುಸಿಗುಳಿಗೆಯ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಹಡಗಿನ ಬಾಗಿಲು, ಕಿಂಡಿ ಎಲ್ಲ ಬಿಗಿಯಾಗಿ ಮುಚ್ಚುತ್ತಾರೆ. ಒಳಗಿನ ಗಾಳಿಯ ತೇವವನ್ನು ಯಂತ್ರ ಇಟ್ಟು ತೆಗೆಯುತ್ತಾರೆ. ಯಂತ್ರಗಳಿಗೆ ಗ್ರೀಸ್ ಬಳಿಯುತ್ತಾರೆ. ನೀರಿನೊಳಗಿನ ಉಕ್ಕು ತುಕ್ಕು ಹಿಡಿಯದಂತೆ ಸಣ್ಣಗೆ ವಿದ್ಯುತ್ ಹರಿಸುತ್ತಾರೆ. ಹೀಗೆ ಮಲಗಿದ ಹಡಗು ಬೇಕಾದಾಗ ಏಳಬಲ್ಲದು.

ಎದ್ದವು ಕೂಡ. 1950ರಲ್ಲಿ ಕೊರಿಯಾ ಯುದ್ಧ ಬಂತು. ಮುಂದಿನ ವರ್ಷದೊಳಗೆ ಮೂರೂ ಎಚ್ಚರವಾದವು. 1958ರ ಹೊತ್ತಿಗೆ ನಾಲ್ಕೂ ಮತ್ತೆ ನಿದ್ದೆಗೆ. 1968ರಲ್ಲಿ ವಿಯೆಟ್ನಾಂಗಾಗಿ ನ್ಯೂಜೆರ್ಸಿ ಒಂದನ್ನೇ ಎಬ್ಬಿಸಿದರು. ಆರು ತಿಂಗಳ ಸರದಿಯಲ್ಲಿ 5,600ಕ್ಕೂ ಹೆಚ್ಚು ದೊಡ್ಡ ಗುಂಡು ಹಾರಿಸಿ 1969ರ ಡಿಸೆಂಬರ್‌ನಲ್ಲಿ ಅದೂ ಮಲಗಿತು.

ಕೊನೆಯ ಎಚ್ಚರವೇ ದೊಡ್ಡದು. ರೊನಾಲ್ಡ್ ರೇಗನ್ ಅಧ್ಯಕ್ಷರಾದಾಗ ನೌಕಾಪಡೆಯನ್ನು 600 ಹಡಗುಗಳಿಗೆ ಏರಿಸುವ ಗುರಿ ಇಟ್ಟುಕೊಂಡರು. 1982ರ ಡಿಸೆಂಬರ್‌ನಲ್ಲಿ ನ್ಯೂಜೆರ್ಸಿ, 1984ರಲ್ಲಿ ಅಯೋವಾ, 1986ರಲ್ಲಿ ಮಿಸೌರಿ, 1988ರಲ್ಲಿ ವಿಸ್ಕಾನ್ಸಿನ್ ಹೀಗೆ ಒಂದೊಂದಾಗಿ ಬಂದವು. ನ್ಯೂಜೆರ್ಸಿಗೇ 30 ಕೋಟಿ ಡಾಲರ್‌ಗೂ ಹೆಚ್ಚು ಹಿಡಿಯಿತು. ಸಣ್ಣ ಫಿರಂಗಿಗಳಲ್ಲಿ ಕೆಲವನ್ನು ಕಿತ್ತು, 32 ಟೊಮಾಹಾಕ್ ಮತ್ತು 16 ಹಾರ್ಪೂನ್ ಕ್ಷಿಪಣಿ ಕೂರಿಸಿದರು. ಆದರೆ ದೊಡ್ಡ ಫಿರಂಗಿಗೆ ಗುರಿ ಲೆಕ್ಕ ಹಾಕುವ ಯಂತ್ರವನ್ನು ಮುಟ್ಟಲಿಲ್ಲ. ಅದು 1940ರ ದಶಕದ್ದು. ಚಿಪ್ ಇಲ್ಲ, ಪರದೆ ಇಲ್ಲ. ಹಲ್ಲಿನ ಚಕ್ರಗಳು, ಸರಳುಗಳು, ಹಿಡಿಗಳು ಅಷ್ಟೇ. ನಮ್ಮ ಹಡಗಿನ ವೇಗ, ಶತ್ರು ಹಡಗಿನ ವೇಗ, ಗಾಳಿ, ಗುಂಡು ಹಾರುವ ಹೊತ್ತು ಎಲ್ಲವನ್ನೂ ಚಕ್ರ ತಿರುಗಿಸಿಯೇ ಲೆಕ್ಕ ಹಾಕುತ್ತದೆ. ನಾಲ್ಕು ದಶಕ ಆದಮೇಲೂ ಅದನ್ನು ತೆಗೆದು ಬೇರೆ ಹಾಕುವ ಅಗತ್ಯ ಅವರಿಗೆ ಕಾಣಲಿಲ್ಲ. ಆ ಯಂತ್ರ ಮಾಡಿದ ಕೈಗಳಿಗೆ ನನ್ನ ನಮಸ್ಕಾರ.

ಆದರೆ ಹಳೆಯದನ್ನು ಎಬ್ಬಿಸುವುದಕ್ಕೆ ಹಣ ಮಾತ್ರವಲ್ಲ, ಜೀವವೂ ಹೋಗಿದೆ. 1989ರ ಏಪ್ರಿಲ್ 19ರಂದು ಅಯೋವಾದ ಎರಡನೇ ಫಿರಂಗಿ ಗೂಡಿನಲ್ಲಿ ಮದ್ದು ಸಿಡಿದು 47 ನಾವಿಕರು ಸತ್ತರು. ಆ ಮದ್ದು ದಶಕಗಳಷ್ಟು ಹಳೆಯದು. ನೌಕಾಪಡೆ ಮೊದಲು ಸತ್ತವರಲ್ಲೇ ಒಬ್ಬ ನಾವಿಕನ ಮೇಲೆ ತಪ್ಪು ಹೊರಿಸಿತು. ಮನೆಯವರು ಒಪ್ಪಲಿಲ್ಲ. ಮದ್ದಿನ ಚೀಲವನ್ನು ಜೋರಾಗಿ ಒಳಗೆ ತಳ್ಳಿದರೂ ಹೀಗೆ ಸಿಡಿಯಬಹುದು ಅಂತ ಬೇರೆ ತನಿಖೆಯಲ್ಲಿ ಕಂಡುಬಂತು. 1991ರಲ್ಲಿ ನೌಕಾಪಡೆ ಆ ನಾವಿಕನ ಕುಟುಂಬದ ಕ್ಷಮೆ ಕೇಳಿತು. ಆ ಗೂಡು ಮತ್ತೆ ರಿಪೇರಿ ಆಗಲೇ ಇಲ್ಲ. ಕುಶಾಲತೋಪಿನ ತಾಲೀಮಿನಲ್ಲಿ ನಳಿಕೆ ಒರೆಸುವುದನ್ನು, ಮದ್ದು ತುಂಬುವುದನ್ನು ಅಷ್ಟು ಸಲ ಯಾಕೆ ಮಾಡಿಸುತ್ತಾರೆ ಅನ್ನುವುದು ಇದನ್ನು ಓದಿದ ಮೇಲೆ ನನಗೆ ಅರ್ಥವಾಯಿತು.

1991ರ ಕೊಲ್ಲಿ ಯುದ್ಧದಲ್ಲಿ ಮಿಸೌರಿ, ವಿಸ್ಕಾನ್ಸಿನ್ ಎರಡೂ ಸೇರಿ 50ಕ್ಕೂ ಹೆಚ್ಚು ಟೊಮಾಹಾಕ್ ಹಾರಿಸಿದವು. ಗುಂಡು ಎಲ್ಲಿ ಬೀಳುತ್ತಿದೆ ಅಂತ ನೋಡಲು ವಿಸ್ಕಾನ್ಸಿನ್ ಒಂದು ಸಣ್ಣ ಡ್ರೋನ್ ಬಿಡುತ್ತಿತ್ತು. ಕುವೈತ್‌ನ ಫೈಲಕಾ ದ್ವೀಪದಲ್ಲಿದ್ದ ಇರಾಕಿ ಸೈನಿಕರು ಆ ಡ್ರೋನ್ ಕಂಡರೆ ಸಾಕು, ಹಿಂದೆ ಗುಂಡು ಬರುತ್ತದೆ ಅಂತ ಕಲಿತಿದ್ದರು. ಕೊನೆಗೆ ಅದಕ್ಕೇ ಬಿಳಿ ಬಟ್ಟೆ ಬೀಸಿ ಶರಣಾದರು. ಮಾರನೇ ವರ್ಷ ಮಾರ್ಚ್‌ನಲ್ಲಿ ಮಿಸೌರಿ ನಿವೃತ್ತಿಯಾಯಿತು. ಅಲ್ಲಿಗೆ ಬ್ಯಾಟಲ್‌ಶಿಪ್‌ಗಳ ಕೆಲಸ ಮುಗಿಯಿತು.

ಮುಗಿದರೂ ಅಮೆರಿಕದ ಸಂಸತ್ತು ಬಿಡಲಿಲ್ಲ. ಎರಡನ್ನಾದರೂ ಕರೆದಾಗ ಬರುವಂತೆ ಇಟ್ಟುಕೊಳ್ಳಿ ಅಂತ ಕಾನೂನು ಮಾಡಿತು. ಅಯೋವಾ, ವಿಸ್ಕಾನ್ಸಿನ್ 2006ರವರೆಗೆ ನೌಕಾಪಡೆಯ ಪಟ್ಟಿಯಲ್ಲೇ ಇದ್ದವು. ಇದರಿಂದ ನೋಡಲು ಬಂದವರಿಗೆ ವಿಚಿತ್ರ ಅನುಭವ. ವಿಸ್ಕಾನ್ಸಿನ್ 2001ರಿಂದ ನಾರ್ಫೋಕ್‌ನಲ್ಲಿ ಜನರಿಗೆ ತೆರೆದಿತ್ತು. ಆದರೆ ಡೆಕ್ ಮೇಲೆ ಓಡಾಡಬಹುದಿತ್ತೇ ಹೊರತು ಒಳಗೆ ಇಳಿಯುವ ಹಾಗಿರಲಿಲ್ಲ. ಒಳಗೆ ಒಣ ಗಾಳಿ ಮುಚ್ಚಿಟ್ಟಿತ್ತು. 2009ರ ಕೊನೆಗೆ ಹಡಗು ನಗರಕ್ಕೆ ಸೇರಿತು. ಕೆಳಗಿನ ಅಂತಸ್ತುಗಳು ತೆರೆದುಕೊಂಡದ್ದು ಆಮೇಲೆ.

ಮತ್ತೆ ಎಬ್ಬಿಸಬಹುದಾ ಅಂತ ಈಗಲೂ ಅನೇಕರು ಕೇಳುತ್ತಾರೆ. ಆಗಲ್ಲ ಅನ್ನುವುದೇ ನನ್ನ ತಿಳಿವಳಿಕೆ. ಒಂದೊಂದು ಹಡಗಿನಲ್ಲೂ 8 ಬಾಯ್ಲರ್. ಈಗಿನ ನಾವಿಕರು ಕಲಿತಿರುವುದು ಗ್ಯಾಸ್ ಟರ್ಬೈನ್. ಆ ಗಾತ್ರದ ನಳಿಕೆ ಹೊಸದಾಗಿ ಮಾಡುವ ಕಾರ್ಖಾನೆ ಇಲ್ಲ. ಒಂದೊಂದಕ್ಕೂ ಒಂದೂವರೆ ಸಾವಿರ ಜನ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೈ ಹಿಡಿದು ಕಲಿಸುವವರು ಇಲ್ಲ. ನಮ್ಮ ಫಿರಂಗಿಗಳು ವರ್ಷವರ್ಷ ಹಾರುವುದು ಕಬ್ಬಿಣ ಗಟ್ಟಿ ಇರುವುದರಿಂದ ಮಾತ್ರ ಅಲ್ಲ. ಒಂದು ತಂಡ ಇನ್ನೊಂದು ತಂಡಕ್ಕೆ ಕಲಿಸುತ್ತಾ ಬಂದಿದೆ. ಆ ಸರಪಳಿ ಒಮ್ಮೆ ಕಡಿದರೆ ಬೆಸೆಯುವುದು ಕಷ್ಟ.

ಆದರೂ ನಾಲ್ಕೂ ಹಡಗು ಇವತ್ತು ಇವೆ. ಮಿಸೌರಿ ಪರ್ಲ್ ಹಾರ್ಬರ್‌ನಲ್ಲಿ, ನ್ಯೂಜೆರ್ಸಿ ಕ್ಯಾಮ್‌ಡೆನ್‌ನಲ್ಲಿ, ಅಯೋವಾ ಲಾಸ್ ಏಂಜಲೀಸ್‌ನಲ್ಲಿ. ಟಿಕೆಟ್ ತೆಗೆದುಕೊಂಡು ಯಾರಾದರೂ ಒಳಗೆ ಹೋಗಬಹುದು. ಉಳಿಸಿದವರು ಯಾರು? ಬಹಳಷ್ಟು ಕಡೆ ಊರಿನ ಜನರೇ. ನಾರ್ತ್ ಕರೊಲಿನಾ ಅನ್ನುವ ಇನ್ನೊಂದು ಬ್ಯಾಟಲ್‌ಶಿಪ್ ಗುಜರಿಗೆ ಹೋಗುವುದರಲ್ಲಿತ್ತು. ಅದೇ ಹೆಸರಿನ ರಾಜ್ಯದ ಸುಮಾರು 7 ಲಕ್ಷ ಶಾಲಾ ಮಕ್ಕಳು ಚಿಲ್ಲರೆ ಕಾಸು ಕೂಡಿಸಿ ಕೊಟ್ಟರು. 1961ರಲ್ಲಿ ಹಡಗು ಆ ರಾಜ್ಯದ ವಿಲ್ಮಿಂಗ್ಟನ್‌ಗೆ ಬಂತು. ಅಲಬಾಮಾ ಹಡಗಿಗೂ ಮಕ್ಕಳು ಹೀಗೇ ನಾಣ್ಯ ಕೂಡಿಸಿದ್ದರು.

ಉಳಿಸಿಕೊಳ್ಳುವುದು ಒಂದು ಸಲದ ಕೆಲಸವಲ್ಲ. 1914ರಲ್ಲಿ ಸೇವೆಗೆ ಬಂದ ಟೆಕ್ಸಾಸ್ 1948ರಿಂದ ಮ್ಯೂಸಿಯಂ. ನೀರಲ್ಲೇ ನಿಂತು ನಿಂತು ತಳ ತೂತಾಯಿತು. ಒಳಗೆ ಬರುವ ನೀರನ್ನು ಪಂಪಿನಿಂದ ಹೊರಗೆ ಹಾಕುತ್ತಲೇ ಇರಬೇಕಾಯಿತು. ಕೊನೆಗೆ ರಾಜ್ಯ 3.5 ಕೋಟಿ ಡಾಲರ್ ಕೊಟ್ಟಿತು. 2022ರಲ್ಲಿ ಅದನ್ನು ಎಳೆದುಕೊಂಡು ಹೋಗಿ ಡ್ರೈ ಡಾಕ್‌ನಲ್ಲಿ, ಅಂದರೆ ನೀರು ಖಾಲಿ ಮಾಡಿ ಹಡಗಿನ ತಳ ರಿಪೇರಿ ಮಾಡುವ ಜಾಗದಲ್ಲಿ, ಕೂರಿಸಿದರು. 2024ರಲ್ಲಿ ನ್ಯೂಜೆರ್ಸಿಯ ಸರದಿ. ತಾನು ಹುಟ್ಟಿದ ಫಿಲಡೆಲ್ಫಿಯಾದ ಡಾಕ್‌ಗೇ ಅದು ಮರಳಿತು. ಆಗ ಟಿಕೆಟ್ ಕೊಂಡವರನ್ನು ಹಡಗಿನ ಅಡಿಗೇ ಕರೆದುಕೊಂಡು ಹೋಗಿ ತೋರಿಸಿದರು. ತಲೆಯ ಮೇಲೆ ಆ ಭಾರದ ಉಕ್ಕು, ಪಕ್ಕದಲ್ಲಿ ಆಳೆತ್ತರ ಮೀರಿದ ಪ್ರೊಪೆಲರ್. ಅಲ್ಲಿ ನಿಂತು ನೋಡಬೇಕು ಅಂತ ನನಗೆ ತುಂಬಾ ಆಸೆಯಾಯಿತು.

ಈಗ ನಮ್ಮ ಹಡಗಿಗೆ ಬರೋಣ.

ಐಎನ್ಎಸ್ ಮೈಸೂರು ಬ್ಯಾಟಲ್‌ಶಿಪ್ ಅಲ್ಲ, ಅದಕ್ಕಿಂತ ಚಿಕ್ಕ ಜಾತಿಯ ಕ್ರೂಸರ್. ಅದೇ ಒಂದು ಹಳೆಯ ಹಡಗು ಮತ್ತೆ ಎದ್ದ ಕಥೆ. ಬ್ರಿಟನ್ನಿನ ಎಚ್‌ಎಂಎಸ್ ನೈಜೀರಿಯಾ ಅಂತ 1939ರಲ್ಲಿ ನೀರಿಗಿಳಿಯಿತು. 1942ರ ಆಗಸ್ಟ್‌ನಲ್ಲಿ ಮಾಲ್ಟಾಕ್ಕೆ ಹೊರಟ ಹಡಗುಗಳ ಕಾವಲಿಗಿದ್ದಾಗ ಇಟಲಿಯ ಸಬ್‌ಮರೀನ್ ಟಾರ್ಪೆಡೊ ಹೊಡೆಯಿತು. ಮುಳುಗಲಿಲ್ಲ. 1954ರಲ್ಲಿ ಭಾರತ ಕೊಂಡುಕೊಂಡಿತು. ಬರ್ಕನ್‌ಹೆಡ್‌ನಲ್ಲಿ ರಿಪೇರಿಯಾಗಿ 1957ರ ಆಗಸ್ಟ್ 29ರಂದು ಮೈಸೂರು ಆಯಿತು. ಲಾಂಛನದಲ್ಲಿ ನಮ್ಮ ಗಂಡಭೇರುಂಡ. ಧ್ಯೇಯವಾಕ್ಯ "ನ ಬಿಭೇತಿ ಕದಾಚನ", ಎಂದಿಗೂ ಅಂಜುವುದಿಲ್ಲ ಅಂತ.

1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯ ಹೊತ್ತು. ಕಾರವಾರದ ಎದುರಿಗಿನ ಅಂಜದೀವ್ ದ್ವೀಪ ಪೋರ್ಚುಗೀಸರ ಕೈಯಲ್ಲಿತ್ತು. ಅದನ್ನು ಬಿಡಿಸಲು ಹೋದದ್ದು ಮೈಸೂರು ಮತ್ತು ತ್ರಿಶೂಲ್ ಹಡಗುಗಳು. ಕಾದಾಟದಲ್ಲಿ ನಮ್ಮ 7 ನಾವಿಕರು ಪ್ರಾಣ ಕೊಟ್ಟರು. ಚಪಲ್ ನೋಡಲು ಕಾರವಾರಕ್ಕೆ ಹೋಗುವ ನಮ್ಮ ಊರಿನವರಿಗೆ ಇದು ಗೊತ್ತಿರಬೇಕು. ಮೈಸೂರಿನ ಹೆಸರು ಹೊತ್ತ ಹಡಗು ಕರ್ನಾಟಕದ ಕರಾವಳಿಯ ಎದುರಲ್ಲೇ ಹೋರಾಡಿತ್ತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾ ತುಕಡಿಯ ಮುಖ್ಯ ಹಡಗು ಅದೇ. ರಿಯರ್ ಅಡ್ಮಿರಲ್ ಕುರುವಿಲ್ಲಾ ಅದರಲ್ಲೇ ಇದ್ದರು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಲಂಡನ್ನಿನ ಥೇಮ್ಸ್ ನದಿಯಲ್ಲಿ ಬೆಲ್‌ಫಾಸ್ಟ್ ಅನ್ನುವ ಕ್ರೂಸರ್ ಜನರಿಗೆ ತೆರೆಯಿತು. ಅದು ನಮ್ಮ ಮೈಸೂರಿನ ದೊಡ್ಡಕ್ಕನ ಹಾಗೆ. ಅದೇ ಕಾಲದ್ದು, ಅದೇ ಆರು ಇಂಚಿನ ಫಿರಂಗಿ. ಅಕ್ಕ ಇವತ್ತಿಗೂ ಅಲ್ಲಿ ನಿಂತಿದ್ದಾಳೆ. ನಮ್ಮದು 1985ರ ಆಗಸ್ಟ್‌ನಲ್ಲಿ ನಿವೃತ್ತಿಯಾಗಿ ಗುಜರಿಗೆ ಹೋಯಿತು.

ಬೇರೆಯವೂ ಹಾಗೇ ಹೋದವು. ಮೊದಲ ವಿಕ್ರಾಂತ್ ವಿಮಾನವಾಹಕ ನೌಕೆ ಮುಂಬೈಯಲ್ಲಿ 2001ರಿಂದ 2012ರವರೆಗೆ ಮ್ಯೂಸಿಯಂ ಆಗಿತ್ತು. 2014ರಲ್ಲಿ ಅದನ್ನು ಒಡೆಯಲು ಶುರು ಮಾಡಿದರು. ಇನ್ನೊಂದು ವಿಮಾನವಾಹಕ ನೌಕೆ ವಿರಾಟ್ 2020ರಲ್ಲಿ ಹಡಗು ಒಡೆಯುವ ಊರು, ಗುಜರಾತಿನ ಅಲಂಗ್ ಸೇರಿತು. ಎರಡಕ್ಕೂ ಕೋರ್ಟಿನವರೆಗೆ ಹೋದವರಿದ್ದರು. ಆದರೆ ಹಡಗನ್ನು ನೀರಿನಲ್ಲಿ ನಿಲ್ಲಿಸಿ ವರ್ಷವರ್ಷ ಖರ್ಚು ಹೊರುವವರು ಸಿಗಲಿಲ್ಲ. ನಮ್ಮಲ್ಲಿ ಉಳಿದದ್ದನ್ನು ನೋಡಿ. ವಿಶಾಖಪಟ್ಟಣದ ಕುರ್ಸುರ ಸಬ್‌ಮರೀನ್ 2002ರಿಂದ ಮರಳಿನ ಮೇಲಿದೆ. ಚಪಲ್ ಕೂಡ ನೆಲದ ಮೇಲೇ ಇದೆ. ಜಪಾನಿನವರು ತಮ್ಮ ಮಿಕಾಸಾ ಹಡಗನ್ನು ಯೊಕೊಸುಕಾದಲ್ಲಿ ಸುತ್ತ ಕಾಂಕ್ರೀಟ್ ಹಾಕಿ ಕೂರಿಸಿದ್ದಾರೆ. ನೀರಿನಿಂದ ಎತ್ತಿದ್ದು ಬಾಳುತ್ತದೆ.

ಇಡೀ ಹಡಗು ಘಾಟಿ ಹತ್ತಿ ಮೈಸೂರಿಗೆ ಬರಲ್ಲ. ತುಂಡು ಬರಬಹುದಲ್ಲ? ನಮ್ಮದೇ ಉದಾಹರಣೆ ಇದೆ. ಐಎನ್ಎಸ್ ಡೆಲ್ಲಿ ಮೊದಲು ಅಕಿಲೀಸ್ ಅನ್ನುವ ಹೆಸರಿನಲ್ಲಿ ನ್ಯೂಜಿಲೆಂಡ್ ನಾವಿಕರ ಹಡಗಾಗಿತ್ತು. ಅದನ್ನು ಒಡೆಯುವಾಗ ಭಾರತ ಒಂದು ಫಿರಂಗಿ ಗೂಡನ್ನು ನ್ಯೂಜಿಲೆಂಡಿಗೆ ಕೊಟ್ಟಿತು. ಅದು ಆಕ್ಲೆಂಡ್‌ನ ಡೆವನ್‌ಪೋರ್ಟ್ ನೌಕಾನೆಲೆಯಲ್ಲಿದೆ. ಅಷ್ಟು ದೂರದ ದೇಶಕ್ಕೆ ಕೊಟ್ಟೆವು. ಮೈಸೂರಿಗೆ ಯಾಕಾಗಬಾರದು?

ಭಾರದ ವಸ್ತು ಸಾಗಿಸುವುದು, ಕಾಯುವುದು ನಮಗೆ ಬರದ ಕೆಲಸವಲ್ಲ. 1979ರಿಂದ ಇಲ್ಲಿನ ರೈಲ್ವೆ ಮ್ಯೂಸಿಯಂನಲ್ಲಿ ಉಗಿ ಎಂಜಿನ್‌ಗಳು ನಿಂತಿವೆ. 2017ರಲ್ಲಿ ಶ್ರೀರಂಗಪಟ್ಟಣದಲ್ಲಿ ಜೋಡಿ ಹಳಿಗೆ ಅಡ್ಡ ಬಂದ ಟಿಪ್ಪುವಿನ ಮದ್ದಿನ ಮನೆಯನ್ನು ಒಡೆಯಲಿಲ್ಲ. ಇಡೀ ಕಟ್ಟಡವನ್ನೇ ಎತ್ತಿ ನೂರು ಮೀಟರ್ ಆಚೆ ಕೂರಿಸಿದರು.

ಎರಡನೇ ಐಎನ್ಎಸ್ ಮೈಸೂರು ಈಗ ಸೇವೆಯಲ್ಲಿದೆ. ಮುಂಬೈನ ಮಝಗಾಂವ್ ಡಾಕ್‌ನಲ್ಲಿ ಕಟ್ಟಿದ ಡೆಸ್ಟ್ರಾಯರ್, 163 ಮೀಟರ್ ಉದ್ದ. 1999ರ ಜೂನ್ 2ರಂದು ಸೇವೆಗೆ ಬಂತು. ಅದರ ಮೇಲೂ ಗಂಡಭೇರುಂಡವೇ ಇದೆ. ಕಾಲು ಶತಮಾನ ದಾಟಿದೆ. ಅದೂ ಒಂದು ದಿನ ನಿವೃತ್ತಿಯಾಗುತ್ತದೆ. ಕೇಳುವುದಿದ್ದರೆ ಈಗಲೇ ಕೇಳಬೇಕು. ಒಡೆಯುವ ಗುತ್ತಿಗೆ ಆದಮೇಲೆ ಕೇಳಿದರೆ ತಡವಾಗುತ್ತದೆ.

ಇದನ್ನೆಲ್ಲ ಅಕ್ಕನ ಮಗಳಿಗೆ ಹೇಳಿದೆ. ಜಿಲ್ಲಾಡಳಿತಕ್ಕೆ ಒಂದು ಅರ್ಜಿ ಬರೆಯೋಣ ಅಂತ ಇಬ್ಬರೂ ಕೂತೆವು. ಹಡಗಿನ ಮುಂದಿರುವ ಫಿರಂಗಿ ಕೇಳೋಣ ಅಂತ ನಾನು ಬರೆದೆ. ಅವಳು ಅದರ ಕೆಳಗೆ ಹಡಗಿನ ಗಂಟೆಯನ್ನೂ ಸೇರಿಸಿದಳು. ಮಕ್ಕಳು ಬಂದಾಗ ಬಾರಿಸಬಹುದು ಅಂದಳು.